ಬೆಟ್ಟವಿಳಿಯುವ ಬೈಸಿಕಲ್ಲಿನ ಬಿಸಿ

ಬೆಂಗಳೂರಿನ ಮಾರೇನಹಳ್ಳಿಯಲ್ಲಿ ಕಳೆದ ತಿಂಗಳು ಹಳೆಯ ಬೈಸಿಕಲ್ಲುಗಳಲ್ಲಿ ಆಸಕ್ತಿಯುಳ್ಳ ನಾವು ಕೆಲವರು ಸೇರಿದ್ದೆವು. ಒಬ್ಬೊಬ್ಬರದೂ ಒಂದೊಂದು ನೆನಪು. ಜಗುಲಿಯ ಮೇಲೆ ಹರಡಿದ್ದ ಛಾಯಾಚಿತ್ರಗಳಲ್ಲಿ, ಅಮೆರಿಕದಲ್ಲಿ ಕೈಯಿಂದಲೇ ಕಟ್ಟಿದ ಮೊದಮೊದಲ ಬೆಟ್ಟದ ಬೈಸಿಕಲ್ಲುಗಳವೂ ಇದ್ದುವು. ಅವನ್ನು ನೋಡಿದ ನಮ್ಮ ವಿದ್ಯಾರ್ಥಿಯೊಬ್ಬನು, “ಸರ್, ನಮ್ಮ ತಾತನ ಸೈಕಲ್ಲಿನಲ್ಲಿ ನಾನೂ ನಂದಿಬೆಟ್ಟ ಇಳಿಯಬಹುದಲ್ಲವೆ?” ಎಂದನು. “ಲೆಕ್ಕ ಮಾಡಿ ನೋಡೋಣಪ್ಪ” ಎಂದೆವು.

ಚಿತ್ರಗಳ ಕಥೆಯಿಂದಲೇ ಆರಂಭಿಸೋಣ. ಕ್ಯಾಲಿಫೋರ್ನಿಯದ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಒಂದು ಮಣ್ಣುದಾರಿಯಿದೆ. ಸುಮಾರು ಮೂರೂವರೆ ಕಿಲೋಮೀಟರಿನಲ್ಲಿ ಅದು 400 ಮೀಟರಿನಷ್ಟು ಇಳಿಯುತ್ತದೆ. 1976ರಲ್ಲಿ ಅಲ್ಲಿಯ ತರುಣರು ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳನ್ನೇರಿ ಈ ದಾರಿಯಲ್ಲಿ ಪಂದ್ಯಗಳನ್ನು ಆರಂಭಿಸಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಹಿಂದಿನ ಚಕ್ರದ ಹಬ್‌ನೊಳಗೆ ಇರುತ್ತಿತ್ತು. ತಳ ಮುಟ್ಟುವ ಹೊತ್ತಿಗೆ ಅಲ್ಲಿಯ ಗ್ರೀಸು ಹೊಗೆಯಾಗಿ ಹೋಗಿ, ಹೊಸದನ್ನು ತುಂಬಬೇಕಾಗುತ್ತಿತ್ತು. ಆದುದರಿಂದಲೇ ಆ ದಾರಿಗೆ ‘ರೀಪ್ಯಾಕ್’, ಎಂದರೆ ‘ಮರಳಿ ತುಂಬು’, ಎಂಬ ಹೆಸರಾಯಿತು.

ಇಷ್ಟು ಉಷ್ಣವು ಎಲ್ಲಿಂದ ಬಂದಿತು? ಸವಾರನೂ ಬೈಸಿಕಲ್ಲೂ ಸೇರಿ 90 ಕಿಲೋಗ್ರಾಂ ಎನ್ನೋಣ. ಬೆಟ್ಟದ ಮೇಲೆ ಅವಕ್ಕಿರುವ ಪ್ರಚ್ಛನ್ನಶಕ್ತಿಯು 90 × 9.8 × 400 = 3,52,800 ಜೂಲ್. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು 3,35,000 ಜೂಲ್! ಕೆಳಗೆ ಬಂದು ನಿಂತಾಗ ಈ ಶಕ್ತಿಯೆಲ್ಲವೂ ಬೇರೆಡೆಗೆ ಹೋಗಿರಲೇಬೇಕು. ಒಂದು ಪಾಲನ್ನು ಗಾಳಿಯ ತಡೆಯೂ ಟೈರಿನ ಉರುಳುವಿಕೆಯೂ ತೆಗೆದುಕೊಳ್ಳುತ್ತವೆ; ಮಿಕ್ಕುದು ಬ್ರೇಕಿನಲ್ಲಿ ಉಷ್ಣವಾಗುತ್ತದೆ. ಅರ್ಧವೇ ಬ್ರೇಕಿನ ಪಾಲಾಗಿ, ಒಂದು ಕಿಲೋಗ್ರಾಂ ಉಕ್ಕಿನಲ್ಲಿ ಉಳಿದರೂ ಉಷ್ಣತೆ ಸುಮಾರು 350 ಡಿಗ್ರಿ ಏರೀತು. ಗ್ರೀಸು ಹೊಗೆಯಾದುದರಲ್ಲಿ ಆಶ್ಚರ್ಯವೇನು?

ಒರಟು ಇಳಿಜಾರಿನಲ್ಲಿ ಹಳೆಯ ಚೌಕಟ್ಟುಗಳೂ ಮುರಿಯುತ್ತಿದ್ದುವು. 1977ರಲ್ಲಿ ಜೋ ಬ್ರೀಜ್ ಎಂಬುವರು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳನ್ನು ಬೆಸೆದು ಬೆಟ್ಟಕ್ಕೆಂದೇ ಹೊಸ ಬೈಸಿಕಲ್ಲನ್ನು ಕಟ್ಟಿದರು. ಅದರ ಬ್ರೇಕು ಹಬ್ ಬಿಟ್ಟು ರಿಮ್ಮನ್ನು ಹಿಡಿಯುವಂಥದು. ರಿಮ್ಮಿನ ಮೈ ವಿಶಾಲವಾದುದು. ಗಾಳಿಯಲ್ಲಿ ಸುತ್ತುತ್ತ ಬೇಗ ತಣಿಯುತ್ತದೆ.

ಇನ್ನು ತಾತನ ಸೈಕಲ್ಲು. ನಂದಿಬೆಟ್ಟದ ರಸ್ತೆಯ ಇಳಿತವೂ ಸುಮಾರು 400 ಮೀಟರ್. ದೂರ ಮಾತ್ರ ಎರಡರಷ್ಟು. ತಾತನ ಸೈಕಲ್ಲಿನ ಬ್ರೇಕೂ ರಿಮ್ಮನ್ನೇ ಹಿಡಿಯುತ್ತದೆ. ಹಾಗಾದರೆ ಭಯವೇಕೆ? ಅದರ ರಬ್ಬರು ವರ್ಷಗಳಿಂದ ಗಟ್ಟಿಯಾಗಿದೆ. ಮಂಜಿನ ಮುಂಜಾನೆ ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಅದರ ಹಿಡಿತ ಬಹಳ ಕುಗ್ಗುತ್ತದೆ. ಘರ್ಷಣೆಯಿಲ್ಲದೆ ಶಕ್ತಿಯು ಉಷ್ಣವಾಗದು. ಅದು ವೇಗವಾಗಿ ಉಳಿಯುತ್ತದೆ. ಬ್ರೇಕು ಹಿಡಿಯದೆ ಕೇವಲ 20 ಮೀಟರ್ ಇಳಿದರೂ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ವೇಗವು ಗಂಟೆಗೆ 71 ಕಿಲೋಮೀಟರ್. ಮುಂದಿನ ತಿರುವು ನಮಗಾಗಿ ಕಾಯುವುದಿಲ್ಲ.

“ತಾತನ ಸೈಕಲ್ಲು ಸಮನೆಲಕ್ಕೆ ಸೊಗಸು; ಬೆಟ್ಟಕ್ಕೆ ಬೇಡಪ್ಪ” ಎಂದು ಹೇಳಿದೆವು. ಒಳ್ಳೆಯ ಬ್ರೇಕಿದ್ದರೂ ತಿರುವಿಗೆ ಮುಂಚೆಯೇ ವೇಗವನ್ನು ತಗ್ಗಿಸಬೇಕು. ವಾಚಕರು ತಮ್ಮ ತೂಕವನ್ನು ಹಾಕಿ ಮೇಲಿನ ಎರಡು ಲೆಕ್ಕಗಳನ್ನೂ ಮಾಡಿನೋಡಲಿ: ಶಕ್ತಿಯು ತೂಕದೊಡನೆ ಬದಲಾಗುತ್ತದೆ, ಆ ವೇಗವು ಬದಲಾಗುವುದಿಲ್ಲ. ಏಕೆ?