ಬರಿಗಾಲಿನ ಅಹ್ಮದ್ ಖಾನ್ ಮತ್ತು ನನ್ನ ಬೂಟು

ಕಳೆದ ವರ್ಷ ಮುದ್ದೇನಹಳ್ಳಿಯ ಮೈದಾನದಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಆಯ್ಕೆ ನಡೆದಾಗ ನಾನು ಬದಿಯಲ್ಲಿ ಕುಳಿತಿದ್ದೆ. ಆಡಲು ಬರುತ್ತಿತ್ತು, ಬೂಟು ಇರಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಅಬ್ಬುವನ್ನು ಕೇಳಲು ಮನಸ್ಸಾಗಲಿಲ್ಲ. ವಿಷಯ ತಿಳಿದ ಪಿ.ಟಿ. ಸರ್, "ಮೊದಲು ಅಹ್ಮದ್ ಖಾನ್ ಯಾರೆಂದು ಓದಿಕೊಂಡು ಬಾ" ಎಂದರು. ಓದಿದ್ದು ಇಷ್ಟು.

ಅಹ್ಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದರು. ಆಗ ನಮ್ಮ ಆಟಗಾರರಲ್ಲಿ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿ ಕೈತಪ್ಪಿದರೂ ಫ್ರಾನ್ಸ್ ಎದುರು ಸೋತದ್ದು 2-1ರಿಂದ ಮಾತ್ರ.

ಮರುವರ್ಷ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹ್ಮದ್, ಈ ಐವರು ಮುನ್ಪಡೆ ಆಟಗಾರರನ್ನು ಜನ 'ಪಂಚಪಾಂಡವರು' ಎಂದು ಕರೆದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಅವರ ಕ್ಲಬ್‌ಗೇ ಬಂತು. ಚೆಂಡನ್ನು ಕಾಲಲ್ಲಿ ಆಡಿಸುವ ಚಳಕಕ್ಕೆ ಅಹ್ಮದ್‌ಗೆ 'ಹಾವಾಡಿಗ' ಎಂಬ ಹೆಸರೂ ಬಿತ್ತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗಲೂ ಅವರು ತಂಡದಲ್ಲಿದ್ದರು.

ಇಷ್ಟು ಓದಿದಾಗ, ಬೂಟು ಬೇಡವೇ ಬೇಡ ಎನಿಸಿತು. ಆದರೆ ಪಾಠ ಅಲ್ಲಿಗೆ ಮುಗಿಯಲಿಲ್ಲ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಆ ಚಳಿಯ ನಾಡಿನಲ್ಲಿ, ಬರಿಗಾಲಿನ ಭಾರತ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದೇ. ಆಮೇಲೆ ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್‌ನಲ್ಲಿ, ಭಾರತ ನಾಲ್ಕನೇ ಸ್ಥಾನಕ್ಕೇರಿತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು.

ನನಗೆ ಅರ್ಥವಾದದ್ದು ಎರಡು. ಬೂಟಿಲ್ಲವೆಂದು ಆಟ ಶುರು ಮಾಡದೆ ಕೂರಬಾರದು. ಬೂಟಿಲ್ಲದ್ದೇ ದೊಡ್ಡಸ್ತಿಕೆ ಎಂದು ಹಾಗೆಯೇ ಇರಲೂಬಾರದು. ಬೇಕಾದದ್ದನ್ನು ಬಾಯಿಬಿಟ್ಟು ಕೇಳಬೇಕು.

ಒಂದು ವಾರ ಬರಿಗಾಲಲ್ಲೇ ಅಭ್ಯಾಸಕ್ಕೆ ಹೋದೆ. ಆಮೇಲೆ ಅಬ್ಬುವನ್ನು ಕೇಳಿದೆ. ಅವರು ಅರ್ಧ ಹಣ ಕೊಟ್ಟರು. ಉಳಿದರ್ಧ ನಾನು ರಜೆಯಲ್ಲಿ ದುಡಿದು ಸೇರಿಸಿದೆ.

ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ನಾನು ಈ ವರ್ಷ ದ್ವಿತೀಯ ಪಿಯುಸಿ ಮುಗಿಸುತ್ತೇನೆ. ಹೋಗುವಾಗ ನನ್ನ ಬೂಟನ್ನು ಕ್ರೀಡಾ ಕೊಠಡಿಯಲ್ಲಿ ಬಿಟ್ಟುಹೋಗುತ್ತೇನೆ. ಅಳತೆ ಎಂಟು. ಬೇಕಾದವರು ಸಂಕೋಚಪಡದೆ ಸರ್ ಅವರನ್ನು ಕೇಳಿ.