ಇ-ಪುಸ್ತಕ ಕೊಂಡರೆ ಅದು ನಮ್ಮದಾಗುತ್ತಾ?

ಸೆಮಿಸ್ಟರ್ ಮುಗಿದರೆ ಸಾಕು, ಹಾಸ್ಟೆಲ್‌ಗಳಲ್ಲಿ ಪುಸ್ತಕಗಳು ಕೈಯಿಂದ ಕೈಗೆ ದಾಟುತ್ತವೆ. ಸೀನಿಯರ್ ಓದಿದ ಪುಸ್ತಕ ಅರ್ಧ ಬೆಲೆಗೆ ಜೂನಿಯರ್‌ಗೆ, ಉಳಿದದ್ದು ಹಳೇ ಪುಸ್ತಕದಂಗಡಿಗೆ. ಇದಕ್ಕೆ ನಾವು ಪ್ರಕಾಶಕರನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ದುಡ್ಡು ಕೊಟ್ಟೇ ಕೊಂಡ ಇ-ಪುಸ್ತಕವನ್ನು ಹೀಗೆ ಮಾರೋಕಾಗಲ್ಲ. ಯಾಕೆ?

ಕಾಗದದ ಪುಸ್ತಕದ ನಿಯಮ

ಕೈಯಲ್ಲಿರುವ ಪ್ರತಿ ಬೇರೆ, ಅದರೊಳಗಿನ ಕೃತಿಯ ಹಕ್ಕು ಬೇರೆ. ನಾವು ಕೊಳ್ಳುವುದು ಪ್ರತಿಯನ್ನು ಮಾತ್ರ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಪ್ರತಿಗಳನ್ನು ಜನರಿಗೆ ಬಿಡುಗಡೆ ಮಾಡುವ ಹಕ್ಕು ಕೃತಿಸ್ವಾಮ್ಯ ಹೊಂದಿದವರದ್ದು. ಆದರೆ ಒಮ್ಮೆ ಮಾರಾಟವಾದ ಪ್ರತಿ ಆಗಲೇ ಚಲಾವಣೆಗೆ ಬಂದಂತೆ. ಅದರ ಮೇಲೆ ಈ ಹಕ್ಕು ನಡೆಯೋದಿಲ್ಲ. ನಮ್ಮ ಸೆಕೆಂಡ್ ಹ್ಯಾಂಡ್ ಮಾರಾಟ ನಿಂತಿರುವುದು ಇದರ ಮೇಲೆಯೇ.

ಕಟ್-ಪೇಸ್ಟ್ ಮಾಡಿದರೆ ಸಾಲದೇ?

ಫೈಲ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನಿಜವಾಗಿ 'ಹೋಗುವುದಿಲ್ಲ'. ಅಲ್ಲಿ ಹೊಸ ಪ್ರತಿ ಹುಟ್ಟುತ್ತೆ, ಇಲ್ಲಿಯದನ್ನು ಅಳಿಸುತ್ತೇವೆ, ಅಷ್ಟೇ. ಪ್ರತಿ ಮಾಡುವ ಹಕ್ಕು, ಎಲೆಕ್ಟ್ರಾನಿಕ್ ರೂಪದಲ್ಲಿ ಸಂಗ್ರಹಿಸುವುದೂ ಸೇರಿ, ಅದೇ ಸೆಕ್ಷನ್‌ನಲ್ಲಿ ಹಕ್ಕುದಾರರಿಗೆ ಮೀಸಲು.

ಅಮೆರಿಕದ ರಿಡಿಜಿ ಕಂಪನಿ ಹಳೇ ಡಿಜಿಟಲ್ ಹಾಡುಗಳ ಮಾರಾಟಕ್ಕೆ ಇದಕ್ಕೊಂದು ಎಂಜಿನಿಯರಿಂಗ್ ಪರಿಹಾರ ಹುಡುಕಿತ್ತು. ಫೈಲನ್ನು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು, ಒಂದು ಪ್ಯಾಕೆಟ್ ಆಚೆ ತಲುಪುತ್ತಿದ್ದಂತೆ ಈಚೆ ಅದನ್ನು ಅಳಿಸುವುದು. ಪೂರ್ತಿ ಫೈಲ್ ಯಾವ ಕ್ಷಣದಲ್ಲೂ ಎರಡು ಕಡೆ ಇರುವುದಿಲ್ಲ. ಜಾಣ ಉಪಾಯವೇ! ಆದರೆ 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ: ಹೊಸ ಡಿಸ್ಕ್‌ನಲ್ಲಿ ಕೂತದ್ದು ಹೊಸ ಪ್ರತಿಯೇ ಎಂದಿತು.

ಇ-ಪುಸ್ತಕಗಳ ವಿಷಯದಲ್ಲೇ ನೆದರ್ಲೆಂಡ್ಸ್‌ನ ಟಾಮ್ ಕ್ಯಾಬಿನೆಟ್ ಪ್ರಕರಣ 2019ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಲ್ಲೂ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದೇ ಆಯಿತು. ಅಲ್ಲಿ ಹೇಳಿದ ಒಂದು ಕಾರಣ ಯೋಚಿಸುವಂಥದ್ದು: ಕಾಗದ ಸವೆಯುತ್ತದೆ, ಫೈಲ್ ಸವೆಯುವುದಿಲ್ಲ. ಹಳೆಯದೂ ಹೊಸದರಷ್ಟೇ ಚೆನ್ನಾಗಿದ್ದರೆ ಹೊಸದನ್ನು ಯಾರು ಕೊಳ್ಳುತ್ತಾರೆ?

ಹಾಗಾದರೆ ನಾವು ಕೊಂಡದ್ದೇನು?

ಬಹುತೇಕ ಕಡೆ ಓದುವ ಲೈಸೆನ್ಸ್ ಮಾತ್ರ. 2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದ ಜಾರ್ಜ್ ಆರ್ವೆಲ್‌ನ '1984' ಪ್ರತಿಗಳನ್ನು ಓದುಗರ ಕಿಂಡಲ್‌ಗಳಿಂದ ತಾನೇ ಅಳಿಸಿ ಹಣ ವಾಪಸ್ ಕೊಟ್ಟಿತು. ಆಮೇಲೆ ಕ್ಷಮೆ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗಲೂ ಹಣ ಬಂತು, ಪುಸ್ತಕಗಳು ಹೋದವು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಸಿಗುವುದು ಲೈಸೆನ್ಸ್ ಎಂದು ಸ್ಪಷ್ಟವಾಗಿ ತಿಳಿಸದೆ ಇಂಥವಕ್ಕೆ 'ಬೈ' ಎಂಬ ಬಟನ್ ಹಾಕುವಂತಿಲ್ಲ.

ಕೊಳ್ಳುವ ಮುಂಚೆ ನೋಡೋಣ

1. ಡಿಆರ್‌ಎಂ ಬೀಗ ಇದೆಯೇ? ಇಲ್ಲದಿದ್ದರೆ ಅಂಗಡಿ ಮುಚ್ಚಿದರೂ ಡೌನ್‌ಲೋಡ್ ಮಾಡಿದ ಫೈಲ್ ಉಳಿಯುತ್ತೆ. ಹಾಗಂತ ಮಾರುವ ಹಕ್ಕು ಬರೋದಿಲ್ಲ.
2. ಬೆಲೆ ಹೋಲಿಸುವಾಗ ಮರುಮಾರಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 600 ರೂಪಾಯಿಯ ಪುಸ್ತಕ 300ಕ್ಕೆ ಹೋದರೆ ಖರ್ಚು 300 ಮಾತ್ರ. 400ರ ಇ-ಪುಸ್ತಕದ ಖರ್ಚು 400ಕ್ಕೆ 400.
3. ಲೇಖಕರು ತೀರಿಕೊಂಡು 60 ವರ್ಷ ಕಳೆದ ಕೃತಿಗಳು ಭಾರತದಲ್ಲಿ ಎಲ್ಲರ ಸ್ವತ್ತು. ಕನ್ನಡ ವಿಕಿಸೋರ್ಸ್‌ನಲ್ಲಿ ಹುಡುಕಿ. ಅವನ್ನು ಯಾರಿಗೆ ಬೇಕಾದರೂ ಧಾರಾಳವಾಗಿ ಕೊಡಬಹುದು.

ಕಾಗದದ ಪುಸ್ತಕಕ್ಕೆ ಕಾನೂನೇ ನಮಗೊಂದು ಹಕ್ಕು ಕೊಟ್ಟಿದೆ. ಇ-ಪುಸ್ತಕಕ್ಕೆ ಸಿಗುವುದು ಅಂಗಡಿಯವರು ಬರೆದ ಷರತ್ತು. 'ಐ ಅಗ್ರೀ' ಒತ್ತುವ ಮೊದಲು ಅದನ್ನೊಮ್ಮೆ ಓದೋಣ.