ಉದಯ ವಾಹಿನಿಯ ಚರಿತ್ರೆ: ವರ್ತಕರಿಗೊಂದು ಲೆಕ್ಕದ ಪಾಠ

ದೂರದರ್ಶನ ವಾಹಿನಿಯೊಂದರ ಚರಿತ್ರೆಗೆ ವಾಣಿಜ್ಯ ಮಾಸಪತ್ರಿಕೆಯಲ್ಲೇನು ಕೆಲಸವೆಂದು ಸದಸ್ಯರು ಕೇಳಬಹುದು. ಖಾಸಗಿ ವಾಹಿನಿಗಳು ಬಹುಮಟ್ಟಿಗೆ ಬದುಕಿರುವುದು ಜಾಹೀರಾತಿನ ಹಣದಿಂದ. ಆ ಹಣ ಹೊರಡುವುದು ವರ್ತಕರ ಹಾಗೂ ತಯಾರಕರ ಗಲ್ಲಾಪೆಟ್ಟಿಗೆಯಿಂದ. ಅದು ಯಾರ ಕೈ ಸೇರಿತು, ನಷ್ಟದ ಹೊರೆಯನ್ನು ಯಾರು ಹೊತ್ತರು ಎಂಬುದು ನಾವು ತಿಳಿಯತಕ್ಕ ವಿಷಯ.

ಕೈಗಾದಲ್ಲಿ ನಿರ್ಮಾಣದ ಹಂತದಲ್ಲಿದ್ದ ಅಣುಸ್ಥಾವರದ ಗುಮ್ಮಟ ಕುಸಿದದ್ದು 1994ರ ಮೇ ತಿಂಗಳಿನಲ್ಲಿ. ಮರುತಿಂಗಳೇ ಉದಯ ಟಿವಿ ಪ್ರಸಾರ ಆರಂಭಿಸಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಕಾರವಾರ, ಅಂಕೋಲಾ ತಾಲ್ಲೂಕುಗಳವರಿಗೆ ಕಾಲ ಗುರುತಿಗೆ ಬರಲೆಂದು ಹೇಳಿದೆ. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ಅದೇ. ಅದಕ್ಕೆ ಮುನ್ನ ನಮಗಿದ್ದುದು 1981ರಲ್ಲಿ ಆರಂಭವಾದ ಬೆಂಗಳೂರು ದೂರದರ್ಶನ ಮಾತ್ರ. 1991ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 3.27 ಕೋಟಿ. ಇಷ್ಟು ದೊಡ್ಡ ಗಿರಾಕಿ ಸಮೂಹಕ್ಕೆ ಒಂದೇ ಅಂಗಡಿ, ಅದೂ ಸರ್ಕಾರದ್ದು.

ಎರಡನೆಯ ಅಂಗಡಿ ತೆರೆದವರು ಚೆನ್ನೈನವರು. ಕಲಾನಿಧಿ ಮಾರನ್ ಅವರ ಸನ್ ಟಿವಿ 1993ರ ಏಪ್ರಿಲ್‌ನಲ್ಲಿ ತಮಿಳಿನಲ್ಲಿ ಆರಂಭವಾಗಿತ್ತು. ಅಂದಿನ ಸ್ಥಿತಿಯಲ್ಲಿ ಈ ದೇಶದ ನೆಲದಿಂದ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಹಕ್ಕು ಖಾಸಗಿಯವರಿಗಿರಲಿಲ್ಲ. 1885ರ ಟೆಲಿಗ್ರಾಫ್ ಕಾಯಿದೆ ಅಡ್ಡವಾಗಿತ್ತು. ಆದಕಾರಣ ಖಾಸಗಿ ವಾಹಿನಿಗಳ ಕಾರ್ಯಕ್ರಮಗಳು ಹೊರದೇಶದ ಭೂಕೇಂದ್ರಗಳಿಂದ ಆಕಾಶಕ್ಕೇರಿ, ನಮ್ಮೂರಿನ ಕೇಬಲ್‌ನವರ ದೊಡ್ಡ ಡಿಶ್‌ಗೆ ಇಳಿಯುತ್ತಿದ್ದವು. ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1995ರ ಫೆಬ್ರುವರಿಯಲ್ಲಿ. ಕೇಬಲ್ ಕಾಯಿದೆ ಬಂದದ್ದೂ ಅದೇ ವರ್ಷ. ಅಂದರೆ ಕಾನೂನಿಗೆ ಮೊದಲೇ ವ್ಯಾಪಾರ ಆರಂಭವಾಗಿತ್ತು.

ಬಂಡವಾಳ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಾರದೆ ಚೆನ್ನೈಯಿಂದ ಏಕೆ ಬಂದಿತು? ಇದನ್ನು ಕನ್ನಡಿಗರ ಅಭಿಮಾನಶೂನ್ಯತೆಯೆಂದು ವೇದಿಕೆಗಳಲ್ಲಿ ಹೇಳುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ವೆಚ್ಚ ಹಂಚಿಕೆಯ ಪ್ರಶ್ನೆ. ಉಪಗ್ರಹದ ಬಾಡಿಗೆ, ತಾಂತ್ರಿಕ ಸಿಬ್ಬಂದಿ, ಚಲನಚಿತ್ರ ಹಕ್ಕು ಖರೀದಿಯ ಅನುಭವ, ಜಾಹೀರಾತು ಏಜೆನ್ಸಿಗಳ ಪರಿಚಯ ಇವೆಲ್ಲವನ್ನೂ ಒಂದು ಭಾಷೆಗಾಗಿ ಕಟ್ಟಿಕೊಂಡವನಿಗೆ ಎರಡನೆಯ ಭಾಷೆಯ ವಾಹಿನಿಗೆ ತಗಲುವುದು ಹೆಚ್ಚುವರಿ ವೆಚ್ಚ ಮಾತ್ರ. ಹೊಸಬನಾದರೋ ಇಡೀ ಸ್ಥಿರ ವೆಚ್ಚವನ್ನು ಒಬ್ಬನೇ ಹೊರಬೇಕು. ಮುಂದೆ ನಡೆದದ್ದೂ ಹಾಗೆಯೇ: 2000ದ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಮೋಜಿ ರಾವ್ ಅವರ ಈಟಿವಿ ಕನ್ನಡ, 2006ರಲ್ಲಿ ಮುಂಬಯಿಯ ಜೀ ಕನ್ನಡ, 2007ರಲ್ಲಿ ಕೇರಳ ಮೂಲದ ಏಷ್ಯಾನೆಟ್ ಸಮೂಹದ ಸುವರ್ಣ. ಅದೇ 2007ರಲ್ಲಿ ಬಂದ ಕಸ್ತೂರಿ ಮಾತ್ರ ಕರ್ನಾಟಕದವರದು. ಪತ್ರಿಕೋದ್ಯಮದಲ್ಲಿ ಹುಬ್ಬಳ್ಳಿಯ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರು 1999ರಲ್ಲಿ ‘ವಿಜಯ ಕರ್ನಾಟಕ’ ಆರಂಭಿಸಿದ್ದನ್ನು ಇಲ್ಲಿ ನೆನೆಯಬಹುದು. ಅವರಿಗೆ ಲಾರಿಗಳಿದ್ದವು, ಪತ್ರಿಕೆ ಹಂಚುವ ಸ್ಥಿರ ವೆಚ್ಚದ ಒಂದು ಭಾಗ ಮೊದಲೇ ಸಂದಿತ್ತು.

ಇದು ಕನ್ನಡಕ್ಕೆ ಮಾತ್ರ ಒದಗಿದ ಸ್ಥಿತಿಯಲ್ಲ. ಅಮೆರಿಕದ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದಲ್ಲಿ ರಾವುಲ್ ಕೋರ್ಟೆಸ್ ಎಂಬವರು 1955ರಲ್ಲಿ ಸ್ಪ್ಯಾನಿಷ್ ಭಾಷಿಕರಿಗಾಗಿ ಕೆಸಿಒಆರ್ ಎಂಬ ದೂರದರ್ಶನ ಕೇಂದ್ರ ತೆರೆದರು. ಅವರು ಮೊದಲೇ ರೇಡಿಯೊ ನಡೆಸುತ್ತಿದ್ದವರು. ಪ್ರೇಕ್ಷಕರಿದ್ದರು, ಆದರೆ ಅದು ಯುಎಚ್‌ಎಫ್ ತರಂಗದ ಕೇಂದ್ರವಾದ್ದರಿಂದ ಅನೇಕ ಮನೆಗಳ ಪೆಟ್ಟಿಗೆಗಳಿಗೆ ಬೇರೆ ಉಪಕರಣ ಬೇಕಾಗುತ್ತಿತ್ತು. 1961ರಲ್ಲಿ ಅದು ಮಾರಾಟವಾಯಿತು; ಕೊಂಡವರ ಗುಂಪಿನಲ್ಲಿ ಮೆಕ್ಸಿಕೊದ ದೂರದರ್ಶನ ಉದ್ಯಮಿ ಎಮಿಲಿಯೊ ಅಸ್ಕಾರಗ ಇದ್ದರು. ಆ ಜಾಲವೇ ಬೆಳೆದು 1987ರಲ್ಲಿ ಯೂನಿವಿಷನ್ ಎಂಬ ಹೆಸರು ಪಡೆಯಿತು. ಪ್ರೇಕ್ಷಕರು ಒಂದೆಡೆ, ಕಾರ್ಯಕ್ರಮ ಭಂಡಾರವೂ ಬಂಡವಾಳವೂ ಇನ್ನೊಂದೆಡೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸನ್ ಸಮೂಹದ ಲೆಕ್ಕಪತ್ರಗಳನ್ನು ಓದಿದವರಿಗೆ ಜಾಹೀರಾತು ಆದಾಯದ ಜೊತೆಗೆ ‘ಪ್ರಸಾರ ಶುಲ್ಕ’ ಎಂಬ ಇನ್ನೊಂದು ಬಾಬು ಕಾಣುತ್ತದೆ. ವಾಹಿನಿಯು ಅರ್ಧ ಗಂಟೆಯ ವೇಳೆಯನ್ನು, ಅಂದರೆ ಸ್ಲಾಟನ್ನು, ನಿರ್ಮಾಪಕನಿಗೆ ಶುಲ್ಕಕ್ಕೆ ಕೊಡುತ್ತದೆ. ಧಾರಾವಾಹಿ ತಯಾರಿಸುವವನೂ ಅವನೇ, ಅದರ ನಡುವಿನ ಜಾಹೀರಾತು ಸೆಕೆಂಡುಗಳನ್ನು ಮಾರಿಕೊಳ್ಳಬೇಕಾದವನೂ ಅವನೇ. ಒಂದು ಕಲ್ಪಿತ ಲೆಕ್ಕ ಹಾಕೋಣ. ಒಂದು ಕಂತಿನ ನಿರ್ಮಾಣ ವೆಚ್ಚ ರೂ. 60,000, ಸ್ಲಾಟ್ ಶುಲ್ಕ ರೂ. 48,000, ಒಟ್ಟು ರೂ. 1,08,000. ಮಾರಲು ದೊರೆತದ್ದು ನಾಲ್ಕು ನಿಮಿಷ, ಅಂದರೆ 10 ಸೆಕೆಂಡಿನ 24 ಜಾಹೀರಾತು. ಒಂದಕ್ಕೆ ರೂ. 4,500ರಂತೆ ಎಲ್ಲವೂ ಮಾರಿದರೆ ಅಸಲು ಹುಟ್ಟುತ್ತದೆ. 16 ಮಾತ್ರ ಮಾರಿದರೆ ಕಂತಿಗೆ ರೂ. 36,000 ನಷ್ಟ; ವಾರಕ್ಕೆ ಐದು ಕಂತಾದರೆ ರೂ. 1,80,000. ವಾಹಿನಿಯ ರೂ. 48,000 ಮಾತ್ರ ಎರಡೂ ಪಕ್ಷದಲ್ಲಿ ಭದ್ರ. ಸಂತೆಕಟ್ಟೆಯ ಗುತ್ತಿಗೆದಾರನು ಮೀನು ಮಾರಾಟವಾಗಲಿ ಬಿಡಲಿ ನೆಲಬಾಡಿಗೆ ವಸೂಲು ಮಾಡುವಂತೆ ಇದು.

ಈ ಏರ್ಪಾಟು ನಮ್ಮ ಕಡೆಯವರಿಗೂ ತಟ್ಟಿದ್ದುಂಟು. ಅಂಕೋಲೆಯ ನನ್ನ ಕಕ್ಷಿದಾರರೊಬ್ಬರು ಉಪ್ಪಿನಕಾಯಿ, ಮಸಾಲೆ ಪುಡಿ ತಯಾರಿಸುವವರು. ಈಟಿವಿ ಬಂದು ಪೈಪೋಟಿ ಏರಿದ್ದ ದಿನಗಳಲ್ಲಿ ನಿರ್ಮಾಪಕರೊಬ್ಬರ ಮಾತು ನಂಬಿ ಧಾರಾವಾಹಿಯ ಪ್ರಾಯೋಜಕತ್ವಕ್ಕೆ ದೊಡ್ಡ ಮುಂಗಡ ಕೊಟ್ಟರು. ತಾವು ವಾಹಿನಿಗೇ ಹಣ ಕೊಟ್ಟಂತೆ ಎಂದು ಅವರ ಭಾವನೆ. ಕೆಲವೇ ವಾರಗಳಲ್ಲಿ ಧಾರಾವಾಹಿ ನಿಂತಿತು. ವಾಹಿನಿಯೊಡನೆ ಅವರಿಗೆ ಕರಾರೇ ಇರಲಿಲ್ಲ. ರಸೀದಿಯಲ್ಲಿದ್ದುದು ನಿರ್ಮಾಪಕರ ಹೆಸರು. ಮೂರು ವರ್ಷ ಆ ಮೊತ್ತ ಅಢಾವೆ ಪತ್ರಿಕೆಯಲ್ಲಿ ‘ಮುಂಗಡ’ ಎಂದೇ ಕುಳಿತಿತ್ತು. ಬಾರದ ಸಾಲವೆಂದು ಬರೆದುಬಿಡಿ ಎಂದರು. ಹಾಗೆ ಬರೆಯಲಾಗದು: ಬಾರದ ಸಾಲವೆನಿಸಬೇಕಾದರೆ ಆ ಮೊತ್ತ ಹಿಂದೆ ಆದಾಯದಲ್ಲಿ ಲೆಕ್ಕಕ್ಕೆ ಬಂದಿರಬೇಕು, ಮುಂಗಡ ಬಂದಿರುವುದಿಲ್ಲ. ಕಡೆಗೆ ವ್ಯಾಪಾರದ ದೆಸೆಯಿಂದಾದ ನಷ್ಟವೆಂದು ತೋರಿಸಿ, ವಸೂಲಿಗೆ ಬರೆದ ಪತ್ರಗಳನ್ನೆಲ್ಲ ಅಧಿಕಾರಿಗಳ ಮುಂದಿಟ್ಟೆವು.

ಅವರಿಗೆ ನಾನು ಆಗಲೇ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಇತ್ತು. ಅವರ ಸರಕು ಸಿಗುತ್ತಿದ್ದುದು ಕಾರವಾರದಿಂದ ಕುಮಟೆಯವರೆಗೆ, ಮೇಲೆ ಹುಬ್ಬಳ್ಳಿಯ ಕೆಲವು ಅಂಗಡಿಗಳಲ್ಲಿ. ಉಪಗ್ರಹದ ಬೆಳಕು ಬೀದರಿನಿಂದ ಚಾಮರಾಜನಗರದವರೆಗೆ ಬೀಳುತ್ತದೆ. ಸಾಬೂನಿನ ದೊಡ್ಡ ಕಂಪನಿಗೆ ಅದು ಸರಿ; ಅದರ ಸರಕು ಪ್ರತಿ ಹಳ್ಳಿಯಲ್ಲೂ ಇದೆ. ಇಲ್ಲಿಯೇ ಆದರೂ ಪ್ರೇಕ್ಷಕರೆಲ್ಲ ಕನ್ನಡ ವಾಹಿನಿಯವರಲ್ಲ: ಕಡಲ ಬದಿಯ ಎಷ್ಟೋ ಮನೆಗಳ ಮಾತು ಕೊಂಕಣಿ, ಮಲ್ಲಾಪುರದ ಕೈಗಾ ವಸತಿಯಲ್ಲಿ ದೇಶದ ನಾನಾ ಭಾಗದವರಿದ್ದಾರೆ. ಊರಿನ ಕೇಬಲ್‌ನವರು ತಮ್ಮ ಸ್ವಂತ ಚಾನೆಲ್‌ನ ಕೆಳಗೆ ಓಡಿಸುತ್ತಿದ್ದ ಸಾಲು ಜಾಹೀರಾತು ಅವರ ಮಾರುಕಟ್ಟೆಗೆ ಹೆಚ್ಚು ಹೊಂದುತ್ತಿತ್ತು.

ಮುಂದಿನ ಚರಿತ್ರೆ ಚಿಕ್ಕದು. 2006ರ ಏಪ್ರಿಲ್‌ನಲ್ಲಿ ಸನ್ ಟಿವಿ ಕಂಪನಿಯು ಷೇರೊಂದಕ್ಕೆ ರೂ. 875ರಂತೆ ಸಾರ್ವಜನಿಕರಿಂದ ಸುಮಾರು ರೂ. 600 ಕೋಟಿ ಸಂಗ್ರಹಿಸಿತು. ಆಮೇಲೆ ಉದಯ ಟಿವಿ ಕಂಪನಿಯು ಅದರಲ್ಲಿ ವಿಲೀನವಾಯಿತು. ಈಟಿವಿ ಕನ್ನಡವು 2015ರಲ್ಲಿ ಕಲರ್ಸ್ ಕನ್ನಡವಾಯಿತು. ಆ ದಶಕದಲ್ಲಿ ಪ್ರೇಕ್ಷಕರ ಮೊದಲ ಸ್ಥಾನ ಉದಯದ ಕೈತಪ್ಪಿ ಕಲರ್ಸ್, ಜೀ ವಾಹಿನಿಗಳ ಪಾಲಾಯಿತು. ಉದಯ ಸಮೂಹದ ಸುದ್ದಿ ವಾಹಿನಿಯು 2017ರಲ್ಲಿ ಮುಚ್ಚಿತು; ಮೂಲ ವಾಹಿನಿ ನಡೆದಿದೆ.

ತೆರಿಗೆಯ ಮಾತೊಂದು. ಪ್ರಸಾರ ಸೇವೆಗೆ 2001ರ ಜುಲೈನಿಂದ, ಕೇಬಲ್‌ನವರಿಗೆ 2002ರ ಆಗಸ್ಟ್‌ನಿಂದ ಸೇವಾ ತೆರಿಗೆ ಬಂದಿತ್ತು. 2017ರ ಜುಲೈ 1ರಿಂದ ಟಿವಿ ಜಾಹೀರಾತಿಗೆ ಶೇ. 18 ಜಿಎಸ್‌ಟಿ. ಸಾಮಾನ್ಯ ನೋಂದಣಿಯವರು ಇದನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಬಹುದು; ರಾಜಿ ತೆರಿಗೆ ಪದ್ಧತಿಯ ಸಣ್ಣ ವರ್ತಕರಿಗೆ ಆ ಅವಕಾಶವಿಲ್ಲ, ಅವರಿಗೆ ಅದು ಪೂರಾ ಖರ್ಚೇ. ಬಿಲ್ಲು ಯಾರ ಹೆಸರಿನದು, ಜಾಹೀರಾತು ಬಿತ್ತರವಾದುದಕ್ಕೆ ಟೆಲಿಕಾಸ್ಟ್ ಸರ್ಟಿಫಿಕೇಟ್ ಕೊಡುವವರು ಯಾರು ಎಂಬುದನ್ನು ಹಣ ಕೊಡುವ ಮೊದಲೇ ಬರಹದಲ್ಲಿ ಪಡೆಯತಕ್ಕದ್ದು. ಅಂಕೋಲೆಯ ಆ ಕಕ್ಷಿದಾರರು ಈಗ ಯಾವ ಜಾಹೀರಾತಿನ ಕಾಗದ ಬಂದರೂ ಮೊದಲು ನನ್ನ ಕಚೇರಿಗೆ ಕಳುಹಿಸುತ್ತಾರೆ; ಹಳೆಯ ರಸೀದಿಯ ಪ್ರತಿಯೊಂದು ಅವರ ಕಡತದ ಮೊದಲ ಹಾಳೆಯಾಗಿ ಇಂದಿಗೂ ಇದೆ.